ಒಂದು ಪ್ರಶ್ನೆ, ಮೂರು ನುಡಿ: ರಾಯದುರ್ಗ–ಮಡಕಶಿರಾ ಸೀಮೆಯಲ್ಲಿ ಜೀವಶಾಸ್ತ್ರದ ಪರಿಭಾಷೆಯ ಚರಿತ್ರೆ

ಕನ್ನಡ ಮಾಧ್ಯಮದ ಹತ್ತನೆಯ ತರಗತಿಯಲ್ಲಿ ಕೇಳಬಹುದಾದ ತೀರ ಸಾಮಾನ್ಯ ಪ್ರಶ್ನೆಯೊಂದನ್ನು ತೆಗೆದುಕೊಳ್ಳೋಣ: ‘ಹೃದಯದ ರಚನೆ ಮತ್ತು ಕಾರ್ಯಗಳನ್ನು ವಿವರಿಸಿ.’ ಇದೇ ಪ್ರಶ್ನೆ ಮರುವರ್ಷ ಜೂನಿಯರ್ ಕಾಲೇಜಿನ ತೆಲುಗು ತರಗತಿಯಲ್ಲಿ ಎದುರಾದರೆ ಅದರ ರೂಪ ಹೀಗಿರುತ್ತದೆ: ‘ಗುಂಡೆ ನಿರ್ಮಾಣಂ, ವಿಧುಲನು ವಿವರಿಂಚಂಡಿ.’ ಗುಂಡೆ ನಮ್ಮ ಗುಂಡಿಗೆಯ ಒಡಹುಟ್ಟು, ಅದರಿಂದ ತೊಡಕಿಲ್ಲ. ವಿವರಿಂಚಂಡಿ ಎಂಬುದೂ ತಾನಾಗಿ ತಿಳಿಯುತ್ತದೆ. ತೊಡಕಿರುವುದು ನಡುವಿನ ಎರಡು ಪದಗಳಲ್ಲಿ. ನಿರ್ಮಾಣವೆಂದರೆ ಕನ್ನಡದಲ್ಲಿ ಕಟ್ಟುವ ಕೆಲಸ. ವಿಧಿಯೆಂದರೆ ನಿಯಮ, ಇಲ್ಲವೆ ಹಣೆಬರಹ. ತೆಲುಗಿನ ಜೀವಶಾಸ್ತ್ರದಲ್ಲಿ ಇವು ಕ್ರಮವಾಗಿ ರಚನೆ ಮತ್ತು ಕಾರ್ಯ. ಎರಡೂ ಪದಗಳು ವಿದ್ಯಾರ್ಥಿಗೆ ಮೊದಲೇ ಗೊತ್ತು. ಗೊತ್ತಿರುವುದರಿಂದಲೇ ದಾರಿ ತಪ್ಪುತ್ತದೆ.

ಹಿಂದಿನ ಅನಂತಪುರ ಜಿಲ್ಲೆಯ ರಾಯದುರ್ಗ ಮತ್ತು ಮಡಕಶಿರಾ ಸೀಮೆಗಳಲ್ಲಿ ಕನ್ನಡ ಶಾಲೆಯಿಂದ ಹೊರಟ ವಿದ್ಯಾರ್ಥಿ ವಿಜ್ಞಾನದ ಕಾಲೇಜು ತರಗತಿಯನ್ನು ಮುಟ್ಟುವ ಹಾದಿಯಲ್ಲಿ ಇಂಥ ಪದಗಳು ಹೆಜ್ಜೆಹೆಜ್ಜೆಗೂ ಸಿಗುತ್ತವೆ. ಇವನ್ನು ಭಾಷಾಜ್ಞಾನದ ಕೊರತೆಯೆಂದು ತಿಳಿಯುವುದು ವಾಡಿಕೆ. ಆದರೆ ಇದು ಕೊರತೆಗಿಂತ ಹೆಚ್ಚಾಗಿ ಚರಿತ್ರೆಯ ಫಲ. ಒಂದೇ ಸಂಸ್ಕೃತ ಪದರಾಶಿಯಿಂದ ಎರಡು ನೆರೆನುಡಿಗಳು ಬೇರೆಬೇರೆ ಊರುಗಳಲ್ಲಿ, ಬೇರೆಬೇರೆ ಕಾಲದಲ್ಲಿ ಪದಗಳನ್ನು ಆಯ್ದುಕೊಂಡವು. ಆ ಆಯ್ಕೆಗಳ ನಡುವೆ ರಾಜ್ಯಗಳ ಗಡಿರೇಖೆ ಬಿದ್ದಿತು. ಎರಡು ಆಯ್ಕೆಗಳೂ ಒಂದೇ ವಿದ್ಯಾರ್ಥಿಯ ಚೀಲದಲ್ಲಿ ಸೇರುವುದು ಗಡಿನಾಡಿನಲ್ಲಿ ಮಾತ್ರ. ಈ ಎರಡು ಪದಕೋಶಗಳನ್ನು ಎದುರುಬದುರು ಇಟ್ಟು ಓದಿದರೆ ವಿಷಯ ಹೆಚ್ಚು ಸ್ಪಷ್ಟವಾಗುತ್ತದೆ, ಎಂದರೆ ಗಡಿನಾಡಿನ ಹೊರೆ ವಾಸ್ತವವಾಗಿ ಒಂದು ಬಂಡವಾಳ ಎಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ.

ಸೀಮೆಯ ಹಿನ್ನೆಲೆ

ಎರಡು ತಾಲೂಕುಗಳು ಆಂಧ್ರಕ್ಕೆ ಸೇರಿದ ಬಗೆ ಒಂದೇ ಅಲ್ಲ. 1800ರಲ್ಲಿ ನಿಜಾಮನಿಂದ ಕಂಪನಿಗೆ ಬಂದ ದತ್ತಮಂಡಲಗಳು 1808ರಲ್ಲಿ ಬಳ್ಳಾರಿ ಮತ್ತು ಕಡಪ ಜಿಲ್ಲೆಗಳಾದವು. 1882ರಲ್ಲಿ ಬಳ್ಳಾರಿಯನ್ನು ಒಡೆದು ಅನಂತಪುರ ಜಿಲ್ಲೆಯನ್ನು ಮಾಡಿದಾಗ ಮಡಕಶಿರಾ ಹೊಸ ಜಿಲ್ಲೆಗೆ ಹೋಯಿತು. ರಾಯದುರ್ಗ ಬಳ್ಳಾರಿಯಲ್ಲಿಯೇ ಉಳಿಯಿತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಉದಯಿಸಿದಾಗ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ತೆಲುಗರು ಹೆಚ್ಚಿದ್ದ ತಾಲೂಕುಗಳೆಂಬ ನೆಲೆಯಲ್ಲಿ ಆ ರಾಜ್ಯಕ್ಕೆ ಸೇರಿದವು. ಉಳಿದ ಭಾಗ ಮೈಸೂರಿಗೆ ಬಂದಿತು. ರಾಯದುರ್ಗ ಮುಂದೆ ಅನಂತಪುರ ಜಿಲ್ಲೆಯ ಅಂಗವಾಯಿತು. 2022ರ ಏಪ್ರಿಲ್‌ನಲ್ಲಿ ಜಿಲ್ಲೆಗಳ ಪುನರ್ವಿಂಗಡಣೆಯಾದಾಗ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು.

ಮಡಕಶಿರಾ ಸೀಮೆಯ ಅಮರಾಪುರ, ಅಗಳಿ, ರೊಳ್ಳ, ಗುಡಿಬಂಡೆಗಳಲ್ಲಿ ಕನ್ನಡ ಹೊರಗಿನಿಂದ ಬಂದ ನುಡಿಯಲ್ಲ. ನೊಳಂಬರ ರಾಜಧಾನಿ ಹೆಂಜೇರು, ಇಂದಿನ ಹೇಮಾವತಿ, ಇರುವುದು ಇಲ್ಲಿಯೇ. ಅಲ್ಲಿನ ಕನ್ನಡ ಶಾಸನಗಳು ಪ್ರಸಿದ್ಧ. ರಾಯದುರ್ಗ ಸೀಮೆಯ ಡಿ. ಹಿರೇಹಾಳು, ಬೊಮ್ಮನಹಾಳು, ಕಣೇಕಲ್ಲುಗಳ ಸಂತೆ, ಸಂಬಂಧ, ಸಾಲಸೋಲಗಳು ಬಳ್ಳಾರಿಯ ಕಡೆಗೆ ಮುಖಮಾಡಿದವು. ಉನ್ನತ ಶಿಕ್ಷಣಕ್ಕೆ ಮಾತ್ರ ಎರಡು ದಿಕ್ಕಿನ ಸೆಳೆತವಿತ್ತು. ಅನಂತಪುರದಲ್ಲಿ 1916ರಲ್ಲಿ ದತ್ತಮಂಡಲ ಕಾಲೇಜು ಆರಂಭವಾಯಿತು. ಬಳ್ಳಾರಿಯಲ್ಲಿ 1945ರಲ್ಲಿ ವೀರಶೈವ ಕಾಲೇಜು ತೆರೆಯಿತು. ಅಂದಿನ ಕಾಲೇಜು ಬೋಧನೆ ಇಂಗ್ಲಿಷಿನಲ್ಲಿತ್ತು. ಆದ್ದರಿಂದ ಯಾವ ದಿಕ್ಕಿಗೆ ಹೋದರೂ ವಿದ್ಯಾರ್ಥಿ ದಾಟಬೇಕಾದುದು ಒಂದೇ ಹೊಳೆ. ಕಾಲೇಜಿನ ಹೊಸ್ತಿಲಿಗೆ ದೇಶಭಾಷೆಗಳು ಬಂದ ಮೇಲೆ ಹೊಳೆ ಎರಡಾಯಿತು.

ಎರಡು ಕಮ್ಮಟಗಳು

ಕನ್ನಡದ ವಿಜ್ಞಾನ ಪರಿಭಾಷೆ ರೂಪುಗೊಂಡುದು ಮುಖ್ಯವಾಗಿ ಬೆಂಗಳೂರು ಮತ್ತು ಮೈಸೂರುಗಳಲ್ಲಿ. 1918ರಲ್ಲಿ ‘ವಿಜ್ಞಾನ’ ಮಾಸಪತ್ರಿಕೆಯನ್ನು ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ ಹೊರತಂದರು. ಅದು ಬದುಕಿದ್ದು ಎರಡೇ ವರ್ಷ. ಹಾಕಿದ ಮೇಲ್ಪಂಕ್ತಿ ದೊಡ್ಡದು. ಭೌತಶಾಸ್ತ್ರದ ಅಧ್ಯಾಪಕರಾಗಿದ್ದ ವೆಂಕಟನಾರಣಪ್ಪನವರು ಮುಂದೆ ‘ಜೀವವಿಜ್ಞಾನ’ ಎಂಬ ಗ್ರಂಥವನ್ನೂ ಬರೆದರು. ಅವರ ಊರು ಬೆಳ್ಳಾವೆ ಇರುವುದು ತುಮಕೂರು ಜಿಲ್ಲೆಯಲ್ಲಿ. ಆ ಜಿಲ್ಲೆಯ ಸಿರಾ, ಮಧುಗಿರಿಗಳ ಗಡಿ ದಾಟಿದರೆ ಮಡಕಶಿರಾ. 1946ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್–ಕನ್ನಡ ನಿಘಂಟು ಪ್ರಕಟವಾಯಿತು. 1959ರಿಂದ ಶಿವರಾಮ ಕಾರಂತರ ‘ವಿಜ್ಞಾನ ಪ್ರಪಂಚ’ದ ಸಂಪುಟಗಳು ಹೊರಬಂದವು. ಶಾಲೆಯ ಪಠ್ಯಗಳು ಈ ಪದಸಂಪತ್ತಿನಿಂದ ಬೆಳೆದವು.

ತೆಲುಗಿನ ಕಮ್ಮಟ ಬೇರೆ. ಕೊಮರ‍್ರಾಜು ವೆಂಕಟ ಲಕ್ಷ್ಮಣರಾಯರು ಮತ್ತು ಅವರ ಗೆಳೆಯರು 1906ರಲ್ಲಿ ಹೈದರಾಬಾದಿನಲ್ಲಿ ಕಟ್ಟಿದ ವಿಜ್ಞಾನ ಚಂದ್ರಿಕಾ ಗ್ರಂಥಮಂಡಲಿ ಚರಿತ್ರೆಯ ಜತೆಗೆ ವಿಜ್ಞಾನದ ಪುಸ್ತಕಗಳನ್ನೂ ತೆಲುಗಿಗೆ ತಂದಿತು. 1968ರಲ್ಲಿ ತೆಲುಗು ಅಕಾಡೆಮಿ ಸ್ಥಾಪನೆಯಾಯಿತು. ಅದರ ಮೊದಲ ಅಧ್ಯಕ್ಷರು ಪಿ. ವಿ. ನರಸಿಂಹರಾಯರು. ಮರುವರ್ಷವೇ ಆಂಧ್ರಪ್ರದೇಶದಲ್ಲಿ ಎರಡು ವರ್ಷಗಳ ಇಂಟರ್ಮೀಡಿಯೆಟ್ ತರಗತಿ ಬಂದಿತು. ಕಾಲೇಜು ಮಟ್ಟದ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರಗಳು ತೆಲುಗಿನಲ್ಲಿ ವ್ಯವಸ್ಥಿತವಾಗಿ ಅಚ್ಚಾದುದು ಅಕಾಡೆಮಿಯ ಪುಸ್ತಕಗಳ ಮೂಲಕ.

ಈ ಎರಡು ಧಾರೆಗಳು ಸೇರಬಹುದಾಗಿದ್ದ ಸಂದರ್ಭವೊಂದು ಬಂದುಹೋಯಿತು. ರಾಯದುರ್ಗ, ಮಡಕಶಿರಾ ಎರಡೂ ಮದರಾಸು ಪ್ರಾಂತ್ಯದಲ್ಲಿದ್ದ ಕಾಲವದು. 1940ರಲ್ಲಿ ಮದರಾಸು ಸರಕಾರ ವಿ. ಎಸ್. ಶ್ರೀನಿವಾಸ ಶಾಸ್ತ್ರಿಗಳ ಅಧ್ಯಕ್ಷತೆಯಲ್ಲಿ ವೈಜ್ಞಾನಿಕ ಪದಗಳ ಸಮಿತಿಯೊಂದನ್ನು ನೇಮಿಸಿತು. ಪ್ರಾಂತ್ಯದ ನುಡಿಗಳಿಗೆಲ್ಲ ಆದಷ್ಟು ಸಮಾನವಾದ ಪರಿಭಾಷೆಯಿರಬೇಕೆಂಬುದು ಅದರ ಹಿಂದಿನ ಆಶಯ. ಸಂಸ್ಕೃತದ ಕಡೆಗಿನ ವಾಲುವಿಕೆಯನ್ನು ತಮಿಳು ವಿದ್ವಾಂಸರು ಬಲವಾಗಿ ವಿರೋಧಿಸಿದರು. ಅವರ ವಿರೋಧಕ್ಕೆ ಅರ್ಥವಿತ್ತು. ಆದರೆ ಸಂಸ್ಕೃತವನ್ನು ಹೇಗೂ ಬಳಸುತ್ತಿದ್ದ ಕನ್ನಡ–ತೆಲುಗುಗಳಿಗಾದರೂ ಒಂದು ಹೊಂದಾಣಿಕೆ ಸಾಧ್ಯವಿತ್ತು, ಅದು ಆಗಲಿಲ್ಲ. ಹದಿಮೂರು ವರ್ಷಗಳ ಬಳಿಕ ಪ್ರಾಂತ್ಯವೇ ಒಡೆಯಿತು.

ಪ್ರೋಟೀನು: ಧಾತುವಿನಿಂದ ಒಂದು ಹೆಸರು, ಕೆಲಸದಿಂದ ಇನ್ನೊಂದು

ಬೇರ್ಪಟ್ಟ ಆಯ್ಕೆಗಳನ್ನು ಪ್ರೋಟೀನಿನಲ್ಲಿ ಚೆನ್ನಾಗಿ ಕಾಣಬಹುದು. 1838ರಲ್ಲಿ ಬರ್ಜೀಲಿಯಸ್‌ನ ಸಲಹೆಯಂತೆ ಮುಲ್ಡರ್ ಈ ಹೆಸರನ್ನು ಬಳಕೆಗೆ ತಂದ. ಗ್ರೀಕಿನಲ್ಲಿ ‘ಮೊದಲನೆಯದು’ ಎಂಬ ಅರ್ಥದ ಪದ ಅದರ ಮೂಲ. ಕನ್ನಡದ ಹಳೆಯ ಪಠ್ಯಗಳು ಇದನ್ನು ಸಸಾರಜನಕ ಎಂದು ಕರೆದವು: ಸಾರಜನಕವನ್ನು, ಎಂದರೆ ನೈಟ್ರೋಜನ್ ಧಾತುವನ್ನು, ಒಳಗೊಂಡದ್ದು. ತೆಲುಗು ಮಾಂಸಕೃತ್ತುಲು ಎಂದಿತು: ಮಾಂಸವನ್ನು ಮಾಡುವಂಥದು. ಕನ್ನಡಕ್ಕೆ ಪದಾರ್ಥದೊಳಗಿನ ಧಾತು ಮುಖ್ಯವಾಯಿತು, ತೆಲುಗಿಗೆ ದೇಹದಲ್ಲಿ ಅದು ಮಾಡುವ ಕೆಲಸ.

ಎರಡೂ ಅರ್ಧ ಸತ್ಯಗಳು. ಶರ್ಕರಪಿಷ್ಟ ಮತ್ತು ಕೊಬ್ಬುಗಳಿಂದ ಪ್ರೋಟೀನನ್ನು ಬೇರ್ಪಡಿಸುವ ಮುಖ್ಯ ಲಕ್ಷಣ ಸಾರಜನಕವೇ. 1883ರ ಕೆಲ್ಡಾಲ್ ವಿಧಾನದಲ್ಲಿ ಆಹಾರದ ಸಾರಜನಕವನ್ನು ಅಳೆದು, ಅದನ್ನು 6.25ರಿಂದ ಗುಣಿಸಿ ಪ್ರೋಟೀನಿನ ಪ್ರಮಾಣವನ್ನು ಅಂದಾಜು ಮಾಡುತ್ತಾರೆ. ಈ ಅಳತೆಯ ತರ್ಕ ‘ಸಸಾರಜನಕ’ದೊಳಗೇ ಅಡಗಿದೆ. ಆದರೆ ಯೂರಿಯಾದಲ್ಲಿಯೂ ಸಾರಜನಕವಿದೆ, ಅದು ಪ್ರೋಟೀನಲ್ಲ. ಇತ್ತ ‘ಮಾಂಸಕೃತ್ತು’ ಬೆಳೆಯುವ ಮಗುವಿಗೆ ಬೇಳೆಕಾಳು ಏಕೆ ಬೇಕೆಂಬುದನ್ನು ಒಂದೇ ಮಾತಿನಲ್ಲಿ ಹೇಳುತ್ತದೆ. ಆದರೆ ಇನ್ಸುಲಿನ್, ಹಿಮೋಗ್ಲೋಬಿನ್, ಜೀರ್ಣಕ್ರಿಯೆಯ ಕಿಣ್ವಗಳು ಮಾಂಸ ಮಾಡುವ ಕೆಲಸದವಲ್ಲ. ಅನಂತಪುರದ ಒಣಭೂಮಿಯ ಶೇಂಗಾಬೀಜದಲ್ಲಿ ಸುಮಾರು ನಾಲ್ಕನೆಯ ಒಂದು ಪಾಲು ಪ್ರೋಟೀನಿದೆ. ಆ ಬೀಜವನ್ನು ಕೈಯಲ್ಲಿ ಹಿಡಿದು ಅಧ್ಯಾಪಕರು ಎರಡು ಹೆಸರುಗಳನ್ನೂ ಬಿಡಿಸಿ ಹೇಳಿದರೆ, ಪ್ರೋಟೀನು ಏನನ್ನು ಒಳಗೊಂಡಿದೆ, ಏನನ್ನು ಮಾಡುತ್ತದೆ ಎಂಬ ಎರಡು ಪ್ರಶ್ನೆಗಳಿಗೂ ಅಲ್ಲಿಯೇ ಉತ್ತರದ ತುದಿ ಸಿಗುತ್ತದೆ.

ತಳಿಶಾಸ್ತ್ರ: ಬಲವೋ, ಮರೆಯೋ

ಅನುವಂಶೀಯತೆಯ ಶಾಸ್ತ್ರಕ್ಕೆ ಕನ್ನಡ ಹೊಲದ ಮಾತನ್ನೇ ಎತ್ತಿಕೊಂಡಿತು. ತಳಿ ಎಂಬುದು ಬಿತ್ತನೆಯ, ದನಕರುಗಳ ಲೋಕದ ಪದ. ತಿಂಡಿವನದ ಸಂಶೋಧನ ಕೇಂದ್ರದಿಂದ 1940ರಲ್ಲಿ ಹೊರಬಂದ ಟಿ.ಎಂ.ವಿ.-2 ಶೇಂಗಾ ಈ ಜಿಲ್ಲೆಯಲ್ಲಿ ದಶಕಗಳ ಕಾಲ ಬಿತ್ತನೆಯಾಯಿತು. ಬಳ್ಳಾರಿ ಕುರಿ, ಹಳ್ಳಿಕಾರ್ ದನ ಎಂಬ ಹೆಸರುಗಳನ್ನು ಕೇಳಿ ಬೆಳೆದ ಮಗುವಿಗೆ ‘ತಳಿಶಾಸ್ತ್ರ’ ಎಂಬ ಶಿರೋನಾಮೆ ಅಪರಿಚಿತವಲ್ಲ. ತೆಲುಗು ಬೆಳೆಯ ತಳಿಗೆ ವಂಗಡಂ ಎಂಬ ತನ್ನದೇ ಪದವನ್ನಿಟ್ಟುಕೊಂಡೂ ಶಾಸ್ತ್ರಕ್ಕೆ ‘ಜನ್ಯುಶಾಸ್ತ್ರಂ’ ಎಂದು ಹೆಸರಿಟ್ಟಿತು. ಅದರ ಲಾಭವೂ ಇದೆ: 1909ರಲ್ಲಿ ಯೊಹಾನ್ಸೆನ್ ಬಳಕೆಗೆ ತಂದ ‘ಜೀನ್’ಗೆ ಜನ್ಯುವು, ಶಾಸ್ತ್ರಕ್ಕೆ ಜನ್ಯುಶಾಸ್ತ್ರ, ಒಂದರಿಂದ ಒಂದು ಸಲೀಸಾಗಿ ಹೊರಡುತ್ತದೆ. ಕನ್ನಡದಲ್ಲಿ ಜೀನ್‌ಗೆ ವಂಶವಾಹಿ, ಗುಣಾಣು ಎಂಬ ಪದಗಳು, ಶಾಸ್ತ್ರಕ್ಕೆ ತಳಿಶಾಸ್ತ್ರ. ಇವೆರಡರ ನಂಟನ್ನು ಪದದ ಮೈಯಲ್ಲಿ ಕಾಣಲಾಗದು.

ಹೆಚ್ಚು ಗಂಭೀರವಾದ ವ್ಯತ್ಯಾಸವಿರುವುದು ಮೆಂಡೆಲನ ಪ್ರಯೋಗದ ವಿವರಣೆಯಲ್ಲಿ. ಎತ್ತರದ ಬಟಾಣಿ ಗಿಡವನ್ನು ಕುಳ್ಳನೆಯದರೊಡನೆ ಸಂಕರಗೊಳಿಸಿದಾಗ ಮೊದಲ ಪೀಳಿಗೆಯೆಲ್ಲ ಎತ್ತರ. ಎರಡನೆಯದರಲ್ಲಿ ಮೂರಕ್ಕೆ ಒಂದರಂತೆ ಕುಳ್ಳತನ ಮರಳಿ ಕಾಣಿಸುತ್ತದೆ. ಕನ್ನಡದಲ್ಲಿ ಎತ್ತರ ಪ್ರಬಲ ಗುಣ, ಕುಳ್ಳತನ ದುರ್ಬಲ ಗುಣ. ತೆಲುಗಿನಲ್ಲಿ ಎತ್ತರ ಬಹಿರ್ಗತ, ಕುಳ್ಳತನ ಅಂತರ್ಗತ. ‘ದುರ್ಬಲ’ವೆಂದೊಡನೆ ಸೋತದ್ದು, ಅಳಿಯುವಂಥದು ಎಂಬ ಭಾವ ಹುಟ್ಟುತ್ತದೆ, ಸೋತು ಹೋದದ್ದು ಎರಡನೆಯ ಪೀಳಿಗೆಯಲ್ಲಿ ಏಕೆ ಮರಳಿತೆಂಬುದು ಒಗಟಾಗುತ್ತದೆ. ‘ಅಂತರ್ಗತ’ ಈ ಒಗಟನ್ನು ಮೊದಲೇ ಬಿಡಿಸಿದೆ: ಅದು ಒಳಗಿತ್ತು, ಹೊರಗೆ ಕಾಣಲಿಲ್ಲ ಅಷ್ಟೆ. ಮೆಂಡೆಲನ ತಿರುಳೇ ಅದು. ಇದಕ್ಕೆ ಪ್ರತಿಯಾಗಿ, ಕೆಂಪು ಮತ್ತು ಬಿಳಿ ಹೂಗಳ ಸಂಜೆಮಲ್ಲಿಗೆಯನ್ನು ಕೂಡಿಸಿದಾಗ ನಸುಗೆಂಪು ಹೂ ಬರುವುದನ್ನು ಕನ್ನಡದ ‘ಅಪೂರ್ಣ ಪ್ರಾಬಲ್ಯ’ ಸುಲಭವಾಗಿ ಹೇಳುತ್ತದೆ. ಬಲಕ್ಕೆ ಪ್ರಮಾಣವಿರಬಹುದು, ಹೊರಗಿರುವಿಕೆಗೆ ಪ್ರಮಾಣವನ್ನು ಕಲ್ಪಿಸುವುದು ಕಷ್ಟ. ಅಂದಹಾಗೆ, ಈ ಹೂವಿಗೆ ತೆಲುಗಿನಲ್ಲಿ ಚಂದ್ರಕಾಂತ ಎಂಬ ಹೆಸರು. ಹಿತ್ತಿಲಲ್ಲಿ ದಿನವೂ ಕಾಣುವ ಗಿಡವನ್ನೇ ಪಠ್ಯದಲ್ಲಿ ಗುರುತಿಸದೆ ಹೋಗುವ ಸಂಭವ ಇದರಿಂದಲೂ ಉಂಟು.

ವಂಶವೃಕ್ಷದ ಪ್ರಶ್ನೆಗಳಲ್ಲಿ ಇಲ್ಲಿನ ವಿದ್ಯಾರ್ಥಿಗೆ ಇನ್ನೊಂದು ಅನುಕೂಲವಿದೆ. ಸೋದರಮಾವ, ಸೋದರತ್ತೆಯ ಮಕ್ಕಳೊಡನೆ ಮದುವೆಯಾಗುವ ಪದ್ಧತಿಯನ್ನು ಕನ್ನಡದಲ್ಲಿ ಸೋದರಿಕೆ ಎನ್ನುತ್ತಾರೆ, ತೆಲುಗಿನಲ್ಲಿ ಮೇನರಿಕಂ. 1957ರಲ್ಲಿ ಭಾರತಕ್ಕೆ ಬಂದು ನೆಲೆಸಿದ ಜೆ. ಬಿ. ಎಸ್. ಹಾಲ್ಡೇನ್ ಅವರ ಶಿಷ್ಯ ಕೃಷ್ಣ ದ್ರೋಣಂರಾಜು ಆಂಧ್ರದಲ್ಲಿ ಇಂಥ ವಿವಾಹಗಳನ್ನು ಕುರಿತು ಅಧ್ಯಯನ ನಡೆಸಿದರು. 1980ರ ದಶಕದಲ್ಲಿ ಕರ್ನಾಟಕದಲ್ಲಿ ನವಜಾತ ಶಿಶುಗಳ ರಕ್ತವನ್ನು ಪರೀಕ್ಷಿಸಿ ಅಮೈನೋ ಆಮ್ಲಗಳ ಚಯಾಪಚಯದ ದೋಷಗಳನ್ನು ಗುರುತಿಸುವ ವ್ಯಾಪಕ ಕೆಲಸ ನಡೆಯಿತು. ರಕ್ತಸಂಬಂಧದ ಮದುವೆಯಲ್ಲಿ ತಾಯಿತಂದೆಗಳಿಬ್ಬರೂ ಒಂದೇ ಮರೆಯ ಜೀನನ್ನು ಹೊತ್ತಿರುವ ಸಂಭವ ಹೆಚ್ಚು ಎಂಬುದೇ ಇವುಗಳ ಹಿಂದಿನ ತರ್ಕ. ಇಲ್ಲಿಯೂ ‘ಅಂತರ್ಗತ’ವೇ ‘ದುರ್ಬಲ’ಕ್ಕಿಂತ ಹತ್ತಿರದ ಪದ. ಮಗುವಿಗೆ ಕಾಯಿಲೆ ತರಬಲ್ಲ ಜೀನನ್ನು ದುರ್ಬಲವೆನ್ನುವುದು ಹೇಗೆ?

ಅಂಗರಚನೆ: ಧಮನಿಯ ಗೊಂದಲ

ಅಂಗರಚನೆಯಲ್ಲಿ ಪದಗಳು ಇನ್ನೂ ಹತ್ತಿರ, ಆದ್ದರಿಂದ ಅಪಾಯವೂ ಹೆಚ್ಚು. ಮೂತ್ರಪಿಂಡ ಎರಡು ನುಡಿಗಳಲ್ಲಿಯೂ ಮೂತ್ರಪಿಂಡವೇ. ಯಕೃತ್ತು ತೆಲುಗಿನಲ್ಲಿ ಕಾಲೇಯಂ. ಮೇದೋಜೀರಕ ಗ್ರಂಥಿ ಅಲ್ಲಿ ಕ್ಲೋಮಂ. ಸಂಸ್ಕೃತ ವೈದ್ಯಗ್ರಂಥಗಳ ಕ್ಲೋಮ ಯಾವ ಅಂಗವೆಂಬುದೇ ವಿದ್ವಾಂಸರಲ್ಲಿ ಚರ್ಚೆಯ ವಿಷಯ. ಕನ್ನಡದ ಜೀವಕೋಶ ತೆಲುಗಿನಲ್ಲಿ ಕಣಂ, ಅಂಗಾಂಶ ಕಣಜಾಲಂ. ಕನ್ನಡ ವಿದ್ಯಾರ್ಥಿಗೆ ಕಣವೆಂದರೆ ಭೌತಶಾಸ್ತ್ರದ ಸೂಕ್ಷ್ಮ ಚೂರು, ಇಲ್ಲವೆ ಒಕ್ಕಣೆಯ ಕಣ. ‘ಜಂತುಶಾಸ್ತ್ರಂ’ ಎಂಬ ಪುಸ್ತಕದ ಹೆಸರಂತೂ ಅವರಿಗೆ ಹೊಟ್ಟೆಹುಳುಗಳ ಶಾಸ್ತ್ರದಂತೆ ಕೇಳಿಸಿದರೆ ಆಶ್ಚರ್ಯವಿಲ್ಲ. ತೆಲುಗಿನಲ್ಲಿ ಜಂತುವೆಂದರೆ ಪ್ರಾಣಿ.

ಎಲ್ಲಕ್ಕಿಂತ ತೊಡಕಿನದು ರಕ್ತನಾಳಗಳ ವಿಷಯ. ತೆಲುಗು ಹಳೆಯ ವೈದ್ಯಗ್ರಂಥಗಳ ಜೋಡಿಪದಗಳನ್ನೇ ಹೊಸ ಅರ್ಥಕ್ಕೆ ಹೊಂದಿಸಿತು: ಹೃದಯದಿಂದ ಹೊರಡುವುದು ಧಮನಿ, ಹೃದಯಕ್ಕೆ ಮರಳುವುದು ಸಿರ. ಕನ್ನಡ ಒಂದೇ ಧಮನಿಗೆ ಎರಡು ಉಪಸರ್ಗಗಳನ್ನು ಹಚ್ಚಿತು: ಅಪಧಮನಿ, ಅಭಿಧಮನಿ. ಅಪ ಎಂದರೆ ಆಚೆಗೆ, ಅಭಿ ಎಂದರೆ ಕಡೆಗೆ. ಹರಿವಿನ ದಿಕ್ಕನ್ನು ಹೆಸರೇ ಹೇಳುವ ಈ ಜೋಡಿ ಕನ್ನಡದ ಒಳ್ಳೆಯ ಸೃಷ್ಟಿಗಳಲ್ಲಿ ಒಂದು. ‘ಶುದ್ಧರಕ್ತನಾಳ, ಮಲಿನರಕ್ತನಾಳ’ ಎಂಬ ಪದಗಳು ಶ್ವಾಸಕೋಶದ ಅಪಧಮನಿಯ ಬಳಿ ಸೋಲುತ್ತವೆ. ಏಕೆಂದರೆ ಅದು ಹೃದಯದಿಂದ ಹೊರಟರೂ ಒಯ್ಯುವುದು ಆಮ್ಲಜನಕ ಕಡಿಮೆಯಿರುವ ರಕ್ತವನ್ನು. ಅಪಧಮನಿ ಎಂಬ ಹೆಸರು ಅಲ್ಲಿಯೂ ನಿಲ್ಲುತ್ತದೆ. ಆದರೆ ಈ ಜೋಡಿಯನ್ನು ಕಲಿತ ವಿದ್ಯಾರ್ಥಿ ತೆಲುಗಿನಲ್ಲಿ ಬರಿಯ ‘ಧಮನಿ’ಯನ್ನು ಕಂಡಾಗ ಅದು ಎರಡರಲ್ಲಿ ಯಾವುದೆಂದು ತಿಳಿಯಬೇಕು? ಉಪಸರ್ಗ ತಿಳಿಸುತ್ತಿದ್ದ ದಿಕ್ಕೇ ಅಲ್ಲಿಲ್ಲ. ಇಲ್ಲಿ ಆಗುವ ತಪ್ಪು ಅಂಗರಚನೆಯ ಅಜ್ಞಾನವಲ್ಲ. ಮೌಲ್ಯಮಾಪನದಲ್ಲಿ ಮಾತ್ರ ಹಾಗೆಯೇ ಎಣಿಕೆಯಾಗುತ್ತದೆ.

ಪ್ರಶ್ನೆಯ ಕ್ರಿಯಾಪದಗಳಲ್ಲಿಯೂ ಇದೇ ಕತೆ. ತೆಲುಗಿನ ‘ನಿರ್ವಚಿಂಚಂಡಿ’ ಎಂಬುದು ಕನ್ನಡದ ‘ವ್ಯಾಖ್ಯಾನಿಸಿ’. ಕನ್ನಡದಲ್ಲಿ ನಿರ್ವಚನವೆಂದರೆ ಬಿಡಿಸಿ ಅರ್ಥೈಸುವುದು. ತೆಲುಗಿನಲ್ಲಿ ವ್ಯಾಖ್ಯಾನವೆಂದರೆ ಟೀಕೆ, ವಿವರಣೆ. ಎರಡು ಸಾಲಿನ ಉತ್ತರ ಸಾಕಾದಲ್ಲಿ ಒಂದು ಪುಟ ಬರೆಯುವುದಕ್ಕೆ, ಒಂದು ಪುಟ ಬೇಕಾದಲ್ಲಿ ಎರಡು ಸಾಲಿಗೆ ನಿಲ್ಲುವುದಕ್ಕೆ ಈ ಅದಲುಬದಲು ಸಾಕು.

ಹತ್ತನೆಯ ತರಗತಿಯಾದ ಮೇಲೆ

ಸಂವಿಧಾನಕ್ಕೆ 1956ರ ಏಳನೆಯ ತಿದ್ದುಪಡಿಯಿಂದ ಸೇರಿದ 350ಎ ವಿಧಿ ಭಾಷಿಕ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯ ಬೋಧನೆಗೆ ಅನುಕೂಲ ಕಲ್ಪಿಸಬೇಕೆನ್ನುತ್ತದೆ, ಪ್ರಾಥಮಿಕ ಹಂತದವರೆಗೆ. ಆಂಧ್ರಪ್ರದೇಶ ಅದನ್ನು ಮೀರಿ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮವನ್ನು, ಕನ್ನಡದ ಪಠ್ಯಪುಸ್ತಕ ಮತ್ತು ಪ್ರಶ್ನೆಪತ್ರಿಕೆಗಳನ್ನು ನಡೆಸಿಕೊಂಡು ಬಂದಿದೆ. ಇದು ಸಣ್ಣ ಮಾತಲ್ಲ. ಅದರಾಚೆಗೆ ವಿಜ್ಞಾನವನ್ನು ಮುಂದುವರಿಸುವವರು ತೆಲುಗಿಗೋ ಇಂಗ್ಲಿಷಿಗೋ ಹೊರಳುವುದೇ ಸಾಮಾನ್ಯ. ಕರ್ನಾಟಕದ ಪದವಿಪೂರ್ವ ವಿಜ್ಞಾನ ತರಗತಿಗಳ ಬೋಧನೆಯೂ ಇಂಗ್ಲಿಷಿನಲ್ಲಿಯೇ ನಡೆಯುವುದರಿಂದ, ಕನ್ನಡದ ಜೀವಶಾಸ್ತ್ರ ಹತ್ತನೆಯ ತರಗತಿಗೆ ನಿಲ್ಲುವುದು ಗಡಿಯಾಚೆಯ ಅನ್ಯಾಯ ಮಾತ್ರವೆಂದು ಹೇಳುವಂತಿಲ್ಲ. ಪಾವಗಡ ತಾಲೂಕಿನ ತೆಲುಗು ಮನೆಮಾತಿನ ಮಗುವೂ ಇದೇ ತೊಡಕನ್ನು ತಿರುವಿಹಾಕಿ ಅನುಭವಿಸುತ್ತದೆ. ಅದಕ್ಕೆ ‘ಅಭಿಧಮನಿ’ ಅಷ್ಟೇ ಅಪರಿಚಿತ.

ವೈದ್ಯಕೀಯ ಪ್ರವೇಶಕ್ಕಾಗಿ ನಡೆಯುವ ನೀಟ್ ಪರೀಕ್ಷೆಯನ್ನು 2017ರಿಂದ ಕನ್ನಡ, ತೆಲುಗುಗಳಲ್ಲಿಯೂ ಬರೆಯಬಹುದಾಗಿದೆ. ಆದರೆ ಕನ್ನಡದ ಪ್ರಶ್ನೆಪತ್ರಿಕೆ ದೊರೆಯುವುದು ಕರ್ನಾಟಕದ ಕೇಂದ್ರಗಳಲ್ಲಿ, ತೆಲುಗಿನದು ಆಂಧ್ರಪ್ರದೇಶ ಮತ್ತು ತೆಲಂಗಾಣಗಳಲ್ಲಿ. ರಾಯದುರ್ಗದ ವಿದ್ಯಾರ್ಥಿ ಹೃದಯದ ಬಗೆಗಿನ ಪ್ರಶ್ನೆಯನ್ನು ಕನ್ನಡದಲ್ಲಿ ಓದಬಯಸಿದರೆ ಬಳ್ಳಾರಿಯಂಥ ಊರನ್ನು ಆರಿಸಿಕೊಳ್ಳಬೇಕು. ಅನುವಾದದ ಅರ್ಥದಲ್ಲಿ ಸಂದೇಹ ಬಂದರೆ ಇಂಗ್ಲಿಷ್ ಪಾಠವೇ ಅಂತಿಮ. 1953ರಲ್ಲಿ ನಕಾಶೆಯ ಮೇಲೆ ಎಳೆದ ಗೆರೆ ಜೀವಶಾಸ್ತ್ರದ ಪ್ರಶ್ನೆಪತ್ರಿಕೆಯ ಮೇಲೆ ಹೀಗೆ ಮತ್ತೊಮ್ಮೆ ಮೂಡಿದೆ.

ಆಗಬೇಕಾದುದು

1940ರ ಸಮಿತಿಯಂತೆ ಎರಡು ನುಡಿಗಳಿಗೂ ಒಂದೇ ಪದವನ್ನು ಹೇರುವ ಕಾಲ ಮುಗಿದಿದೆ. ಅದು ಬೇಕಾಗಿಯೂ ಇಲ್ಲ. ಗಡಿನಾಡಿನ ಅಧ್ಯಾಪಕರಿಗೆ ಬೇಕಾದುದು ಕನ್ನಡ, ತೆಲುಗು, ಇಂಗ್ಲಿಷುಗಳ ಒಂದು ತೆಳುವಾದ ಪದಕೋಶ. ಅದರಲ್ಲಿ ಮೂರು ಅಂಕಣಗಳ ಪಕ್ಕದಲ್ಲಿ ನಾಲ್ಕನೆಯದೊಂದಿರಬೇಕು: ಈ ಪದ ನೆರೆನುಡಿಯಲ್ಲಿ ಬೇರೆ ಏನನ್ನು ಸೂಚಿಸುತ್ತದೆ ಎಂಬ ಎಚ್ಚರಿಕೆಗಾಗಿ. ಕಣ, ಜಂತು, ವಿಧಿ, ನಿರ್ಮಾಣ, ಧಮನಿ, ನಿರ್ವಚನ ಇವೆಲ್ಲ ಅಲ್ಲಿ ಬರುತ್ತವೆ. ಜತೆಗೆ ಪ್ರಶ್ನೆಗಳಲ್ಲಿ ಬಳಕೆಯಾಗುವ ಕ್ರಿಯಾಪದಗಳ ಒಂದು ಪುಟ. ದ್ವಿಭಾಷಿಕ ವಿದ್ವಾಂಸರಿರುವ ಸಂಶೋಧನ ಕೇಂದ್ರಗಳಿಗೆ ಇದು ದೊಡ್ಡ ಯೋಜನೆಯಲ್ಲ; ಶಾಲಾ ಅಧ್ಯಾಪಕರನ್ನು ಜತೆಗೆ ಕೂರಿಸಿಕೊಂಡರೆ ಒಂದು ಬೇಸಗೆಯ ಕೆಲಸ.

ಇಂಥ ಪದಕೋಶ ಬಂದರೆ ಅದರ ಪ್ರಯೋಜನ ಗಡಿನಾಡಿಗೆ ಮಾತ್ರ ಸೀಮಿತವಾಗಲಾರದು. ‘ದುರ್ಬಲ’ ಎಂಬ ಪದದ ದೋಷ ಮೈಸೂರಿನ ತರಗತಿಯಲ್ಲಿ ಸುಲಭವಾಗಿ ಕಾಣುವಂಥದಲ್ಲ, ಏಕೆಂದರೆ ಅಲ್ಲಿ ಅದರ ಎದುರಿಗೆ ‘ಅಂತರ್ಗತ’ವಿಲ್ಲ. ‘ಧಮನಿ, ಸಿರ’ಗಳು ದಿಕ್ಕನ್ನು ಹೇಳುವುದಿಲ್ಲವೆಂಬುದು ಗುಂಟೂರಿನ ತರಗತಿಯಲ್ಲಿ ಕಾಣುವಂಥದಲ್ಲ. ಎರಡನ್ನೂ ಕಾಣಬಲ್ಲವರು ರೊಳ್ಳದ, ಬೊಮ್ಮನಹಾಳಿನ ವಿದ್ಯಾರ್ಥಿಗಳು. ಅವರನ್ನು ಈವರೆಗೆ ಕೇಳಿದ ಪ್ರಶ್ನೆ ಒಂದೇ: ನಿನ್ನ ಮಾಧ್ಯಮ ಯಾವುದು? ಎರಡು ಹೆಸರುಗಳಲ್ಲಿ ಯಾವುದು ವಿಷಯಕ್ಕೆ ಹತ್ತಿರ, ಏಕೆ ಎಂದು ಅವರನ್ನೇ ಕೇಳಿದ್ದರೆ, ಜೀವಶಾಸ್ತ್ರದ ಒಳ್ಳೆಯ ಪಾಠ ಅಲ್ಲಿಂದಲೇ ಆರಂಭವಾಗುತ್ತಿತ್ತು.